ಮಿಲೋನ್ಯನ ಸೂರಿನ ಮೇಲೆ ಹನ್ನೊಂದು ಅಂಗಿ

ಮಿಲೋನ್ಯನ ಮನೆಯ ತಗಡಿನ ಸೂರು ಮೂರು ವರ್ಷದಿಂದ ಸೋರುತ್ತಿತ್ತು. ಸೋರುತ್ತಿದ್ದದ್ದು ಒಂದೇ ಕಡೆ, ಚಿಮಣಿಯ ಬುಡದಲ್ಲಿ. ನೀರು ಬೀಳುತ್ತಿದ್ದದ್ದೂ ಒಂದೇ ಕಡೆ, ಅವನ ಹೆಂಡತಿ ವುಕಾಳ ದಿಂಬಿನ ಮೇಲೆ. ಒಂದು ಗೇಣು ಈಚೆ ಬಿದ್ದಿದ್ದರೆ ಮಿಲೋನ್ಯನ ಮೂಗಿನ ಮೇಲೆ ಬೀಳುತ್ತಿತ್ತು, ಆಗ ಸೂರು ಮೊದಲ ವರ್ಷವೇ ರಿಪೇರಿಯಾಗುತ್ತಿತ್ತು ಎಂದು ವುಕಾ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮಂಚವನ್ನೇ ಸರಿಸಬಹುದಿತ್ತಲ್ಲ ಎಂದು ಕೇಳುವವರು ದುರ್ಮಿತೋರ್ ಬೆಟ್ಟದ ಬುಡದಲ್ಲಿ ಒಂದು ಚಳಿಗಾಲವನ್ನೂ ಕಳೆದವರಲ್ಲ. ನಮ್ಮ ಸುವೊದೊ ಹಳ್ಳಿಯಲ್ಲಿ ಆರು ತಿಂಗಳು ಹಿಮ. ಮಂಚದ ತಲೆಯನ್ನು ಚಿಮಣಿಯ ಬೆಚ್ಚನೆಯ ಗೋಡೆಗೆ ಒತ್ತಿ ಇಡದ ಮನೆ ಇಲ್ಲಿಲ್ಲ. ಅಜ್ಜ ಇಟ್ಟಲ್ಲೇ ಅಪ್ಪ ಮಲಗಿದ, ಅಪ್ಪ ಮಲಗಿದಲ್ಲೇ ಮಗ. ಅದೂ ಅಲ್ಲದೆ ಮಿಲೋನ್ಯನ ಮಂಚ ಓಕ್ ಮರದ್ದು. ಅದನ್ನು ಅಲ್ಲಾಡಿಸಲು ಇಬ್ಬರು ಗಂಡಸರು ಬೇಕು, ಆಮೇಲೆ ಆ ಇಬ್ಬರಿಗೂ ಮಲಗಲು ಬೇರೆ ಮಂಚ ಬೇಕು.

ನಾನು ಎದುರು ಮನೆಯವನು. ಬೆಳಗ್ಗೆ ಹಾಲಿನ ಗಾಡಿ ಓಡಿಸುತ್ತೇನೆ, ಉಳಿದ ಹೊತ್ತು ಮನೆಯಲ್ಲಿರುತ್ತೇನೆ. ಮಿಲೋನ್ಯನ ಮನೆಯ ಮಾತು ನನಗೆ ನನ್ನ ರೇಡಿಯೋಗಿಂತ ಸ್ಪಷ್ಟವಾಗಿ ಕೇಳುತ್ತದೆ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಅರ್ಧ, ಕೇಳದೆ ಇರಲಾಗದೆ ಕೇಳಿದ್ದು ಅರ್ಧ.

ಆ ಸೂರನ್ನು ಹಾಕಿದವನು ಮಿಲೋನ್ಯನ ಅಜ್ಜ. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಎಣ್ಣೆ ಪೀಪಾಯಿಗಳನ್ನು ಸೀಳಿ, ಬಡಿದು ಚಪ್ಪಟೆ ಮಾಡಿ, ಒಂದರ ಮೇಲೊಂದು ಹೊದಿಸಿದ್ದ. ಸೋರಿಕೆಗೆ ಈ ಮೊಮ್ಮಗ ಮಾಡಿದ ಮೊದಲ ಮದ್ದು ಬಣ್ಣ. ಹೋದ ವಸಂತದಲ್ಲಿ ರಸ್ತೆಯ ಕಡೆಯ ಅರ್ಧ ಸೂರಿಗೆ ಮೆಣಸಿನಕಾಯಿ ಕೆಂಪು ಬಳಿದ. ಹಿಂದಿನ ಅರ್ಧ ಪೈನ್ ಕಾಡಿಗೆ ಮಾತ್ರ ಕಾಣುತ್ತಿದ್ದುದರಿಂದ ಬಿಟ್ಟ. ಅಂದಿನಿಂದ ಆ ಸೂರು ನೋಡುವವರಿಗೆ ಹೊಸದು, ನೀರಿಗೆ ಹಳೆಯದು.

ಜೂನ್ ಮೊದಲ ವಾರ ಒಂದು ಜೋರು ಮಳೆ ಬಂತು. ಬೆಳಗಾಗುವಷ್ಟರಲ್ಲಿ ವುಕಾ ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಹಳ್ಳಿಯ ಆ ತುದಿಯಲ್ಲಿರುವ ಅಣ್ಣ ಲಾಬುದನ ಮನೆಗೆ ಹೊರಟಳು. ಗಂಡ ಗೇಟಿನವರೆಗೆ ಹಿಂದೆ ಬಂದ.

"ಎಷ್ಟು ದಿನಕ್ಕೆ?" ಎಂದು ಕೇಳಿದ.

"ನನ್ನ ಹಾಸಿಗೆ ಒಣಗೋ ತನಕ," ಎಂದಳು. "ಮಳೆ ಬರ್ತಿರ್ಬೇಕು, ಹಾಸಿಗೆ ಒಣಗಿರ್ಬೇಕು. ಎರಡೂ ಒಟ್ಟಿಗೆ ನೋಡಿದ ಮೇಲೆ ಬರ್ತೀನಿ."

ಪೇಟೆಯ ತಗಡಿನ ಮೇಸ್ತ್ರಿ ಹಾಮ್ದಿಯಾನನ್ನು ಕರೆಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅಂದು ಸಂಜೆ ಮಿಲೋನ್ಯ ರಾಕಿಯಾ ಸಾರಾಯಿಯ ಅಂಗಡಿಗೆ ಹೋದದ್ದರಿಂದ ಮುಗಿಯಲಿಲ್ಲ. ಅಲ್ಲಿ ಲಾಬುದ್ ಕುಳಿತಿದ್ದ. ಲಾಬುದ್ ಎಂಬ ಮನುಷ್ಯ ಕುರ್ಚಿಯಲ್ಲಿ ಕೂತಿದ್ದರೂ ಕುದುರೆಯ ಮೇಲೆ ಕೂತ ಹಾಗೆ ಕಾಣುತ್ತಾನೆ. ಮಿಲೋನ್ಯ ಎರಡು ಲೋಟ ಕುಡಿದು, ತಗಡಿನ ಕೆಲಸ ಎನ್ನುವುದು ಮೇಸ್ತ್ರಿಗಳು ಹುಟ್ಟಿಸಿದ ಹೆದರಿಕೆ, ಕತ್ತರಿ ಮತ್ತು ಸುತ್ತಿಗೆ ಇದ್ದರೆ ಯಾವ ಗಂಡಸೂ ಮಾಡಬಹುದು, ತನ್ನ ರಕ್ತದಲ್ಲೇ ಅದು ಇದೆ ಎಂದು ಭಾಷಣ ಮಾಡಿದ. ನಮ್ಮ ಕಡೆ ಭಾಷಣಕ್ಕೆ ಯಾರೂ ಅಡ್ಡ ಬರುವುದಿಲ್ಲ, ತಮ್ಮ ಸರದಿಗೆ ಕಾಯುತ್ತಾರೆ. ಲಾಬುದ್ ಕಾದ. ಸರದಿ ಬಂದ ಮೇಲೆ ಮೀಸೆ ಒರೆಸಿಕೊಂಡ.

"ಭಾವ," ಎಂದ, "ನೀನು ನಿನ್ನ ಕೈಯಾರೆ ಆ ಚಿಮಣಿ ಬುಡ ಭದ್ರ ಮಾಡು. ನಾನೇ ನನ್ನ ತಂಗೀನ ಕರ್ಕೊಂಡು ಬರ್ತೀನಿ. ನನ್ನ ಮದುವೆ ಅಂಗಿ ಇದೆಯಲ್ಲ, ಅದನ್ನ ತಂದು ನಿನ್ನ ಸೂರಿನ ನೆತ್ತಿಗೆ ಕಟ್ತೀನಿ. ಆಗದಿದ್ರೆ ಈಗಲೇ ಹೇಳ್ಬಿಡು, ನಮ್ಮನೇಲಿ ಅವಳಿಗೊಂದು ಹೊಸ ಮಂಚ ಮಾಡಿಸ್ತೀನಿ."

ಹೊಸ ಮಂಚ ಎಂಬ ಮಾತು ಮಿಲೋನ್ಯನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವನು ಉಳಿದ ರಾಕಿಯಾ ಕುಡಿಯದೆ ಎದ್ದುಹೋದ. ಅಂಗಡಿಯವನ ಪ್ರಕಾರ ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಅಂಗಿಯ ಮಾತು ಹೇಗೆ ಬಂತು ಎಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮಲ್ಲಿ ಸೂರು ಏರಿದ ದಿನ ನೆಂಟರೂ ನೆರೆಯವರೂ ಮೇಸ್ತ್ರಿಗೆ ಅಂಗಿ, ಟವೆಲು ತರುತ್ತಾರೆ. ಮೇಸ್ತ್ರಿ ಅವನ್ನು ನೆತ್ತಿಯಲ್ಲಿ ಹಗ್ಗಕ್ಕೆ ಕಟ್ಟಿ, ತಂದವರ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿ ಹರಸುತ್ತಾನೆ. ಆಮೇಲೆ ಮನೆಯವರು ಊಟ ಹಾಕುತ್ತಾರೆ. ಕರೆಯೋಲೆ ಇಲ್ಲ. ಸೂರಿನ ಮೇಲೆ ಅಂಗಿ ಹಾರುವುದು ಕಂಡರೆ ಅದೇ ಕರೆಯೋಲೆ. ಕಂಡೂ ಹೋಗದವನ ಮನೆಗೆ ನಾಳೆ ಯಾರೂ ಹೋಗುವುದಿಲ್ಲ.

ಮಿಲೋನ್ಯ ಮರುದಿನವೇ ಪೇಟೆಗೆ ಹೋಗಿ ಹಾಮ್ದಿಯಾನಿಂದ ಒಂದು ಹಾಳೆ ತಗಡು ತಂದ. ಮೇಸ್ತ್ರಿ ತಗಡನ್ನು ಸುತ್ತಿ ಕೊಡುತ್ತಾ, ಅಂಗಿಗೆ ಕಾಲರು ಇದ್ದ ಹಾಗೆ ಚಿಮಣಿಗೂ ಒಂದು ಕಾಲರು, ಬೆಟ್ಟದ ಕಡೆಯ ಅಂಚು ಮೇಲಿನ ತಗಡಿನ ಅಡಿಗೆ ಹೋಗಬೇಕು, ಕೆಳಗಿನ ಅಂಚು ಕೆಳಗಿನ ತಗಡಿನ ಮೇಲೆ ಕೂರಬೇಕು, ಮೀನಿನ ಚಿಪ್ಪು ನೆನಪಿಟ್ಟುಕೊ, ಅಷ್ಟೇ ಎಂದನಂತೆ. ಮಿಲೋನ್ಯ ಅದೆಲ್ಲ ಗೊತ್ತು ಎಂದ. ಗೊತ್ತಿಲ್ಲದವರು ಅದನ್ನು ಎಷ್ಟು ಬೇಗ ಹೇಳುತ್ತಾರೋ ಅಷ್ಟು ಬೇಗ ಹೇಳಿದ.

ಅದಾಗಿ ಎರಡು ವಾರ ಅವನು ತಗಡನ್ನು ನೋಡಿದ, ತಗಡು ಅವನನ್ನು ನೋಡಿತು. ಎರಡು ವಾರ ಎಂಬುದು ಮುಖ್ಯ. ಅಷ್ಟರಲ್ಲಿ ಮನೆಯಲ್ಲಿದ್ದ ಒಗೆದ ಬಟ್ಟೆಯೆಲ್ಲ ಮುಗಿದು, ಹಬ್ಬಕ್ಕೆ ಹಾಕುವ ಒಂದು ಬಿಳಿ ಅಂಗಿ ಮಾತ್ರ ಉಳಿದಿತ್ತು. ಶನಿವಾರ ಬೆಳಗ್ಗೆ ಅದನ್ನೇ ಹಾಕಿಕೊಂಡು ಸೂರು ಹತ್ತಿದ. ಡಾಂಬರಿನ ಡಬ್ಬಿ ತೆರೆದ ಮೇಲೆ ಬಿಳಿ ಅಂಗಿಯ ನೆನಪಾಗಿ, ಬಿಚ್ಚಿ, ಗಾಳಿಗೆ ಹಾರಿಹೋಗದಿರಲೆಂದು ನೆತ್ತಿಯ ಮೇಲಿದ್ದ ಟಿವಿ ಆಂಟೆನಾದ ಕಂಬಕ್ಕೆ ತೋಳು ಕಟ್ಟಿದ. ಬೆವರು ಒರೆಸಿದ ಟವೆಲನ್ನೂ ಅದರ ಪಕ್ಕದಲ್ಲಿ ಕಟ್ಟಿದ.

ಹತ್ತು ಗಂಟೆಗೆ ಚಿಮಣಿಗೆ ಕಾಲರು ಬಂತು. ನಾಲ್ಕು ಪಟ್ಟಿ, ಮೂವತ್ತು ಮೊಳೆ, ಒಂದು ಡಬ್ಬಿ ಡಾಂಬರು. ಆಮೇಲೆ ಇಳಿಯಲು ಹಿಂದೆ ಕಾಲು ಚಾಚಿದ. ಕಾಲು ಏಣಿಯನ್ನು ಮುಟ್ಟಿತು, ಏಣಿ ಮೆಲ್ಲಗೆ ಬದಿಗೆ ಜಾರಿ ತುರಿಕೆ ಗಿಡಗಳ ಮೇಲೆ ಮಲಗಿತು.

ಫೋನು ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗೆ ಇತ್ತು. ನಾನು ಹಾಲು ಹಾಕಲು ಪೇಟೆಗೆ ಹೋಗಿದ್ದೆ. ಮಿಲೋನ್ಯ ನೆತ್ತಿಯ ಮೇಲೆ ಎದ್ದು ನಿಂತು, ಆಂಟೆನಾ ಹಿಡಿದುಕೊಂಡು, ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದ ತ್ರಿಫೂನನನ್ನು ಹೆಸರು ಹಿಡಿದು ಕೂಗಿದ. ತ್ರಿಫೂನ್ ಅವನ ಕೂಮ. ಎಂದರೆ ಮದುವೆಯಲ್ಲಿ ಪಕ್ಕದಲ್ಲಿ ನಿಂತು ಸಾಕ್ಷಿಯಾದವನು. ನಮ್ಮಲ್ಲಿ ಒಡಹುಟ್ಟಿದವನ ಜೊತೆ ಜಗಳವಾಡಬಹುದು, ಕೂಮನ ಜೊತೆ ಆಡುವ ಹಾಗಿಲ್ಲ.

ತ್ರಿಫೂನ್ ತಲೆ ಎತ್ತಿ ನೋಡಿದ. ಕೆಂಪಗೆ ಹೊಳೆಯುವ ಸೂರು. ನೆತ್ತಿಯಲ್ಲಿ ಬಿಳಿ ಅಂಗಿ, ಟವೆಲು. ಅದರ ಪಕ್ಕದಲ್ಲಿ ಒಬ್ಬ ನಿಂತು ತನ್ನ ಹೆಸರು ಕೂಗುತ್ತಿದ್ದಾನೆ. ಏಣಿಯ ವಿಷಯ ಅರ್ಧ ಮೈಲಿ ದಾಟಿ ಬರಲಿಲ್ಲ, ಬರಬೇಕಾದ ಅಗತ್ಯವೂ ತ್ರಿಫೂನನಿಗೆ ಕಾಣಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕೂಮನ ಸೂರು ಏರಿದೆ, ಊರಲ್ಲಿ ಮೊದಲು ಅಂಗಿ ತರಬೇಕಾದವನು ಹುಲ್ಲು ಕೊಯ್ಯುತ್ತಿದ್ದಾನೆ, ಅವನನ್ನು ಹೆಸರು ಹಿಡಿದು ಕರೆಯುವ ಹಾಗಾಯಿತು. ಅವನು ಕೈ ಬೀಸಿ, ಕುಡುಗೋಲು ಎಸೆದು, ಮಿಲೋನ್ಯನ ಮನೆಯ ಕಡೆಗಲ್ಲ, ತನ್ನ ಮನೆಯ ಕಡೆಗೆ ಓಡಿದ.

ತನ್ನನ್ನು ಕಂಡು ಕೂಮನೇ ಓಡಿಹೋದದ್ದು ನೋಡಿ ಮಿಲೋನ್ಯ ಮುಂದಿನ ಮನೆಯವರನ್ನು ಕೂಗಿದ. ಅವರೂ ಕೈ ಬೀಸಿ ಒಳಗೆ ಹೋದರು. ಹೀಗೆ ಒಂದು ಗಂಟೆಯ ಹೊತ್ತು ಅವನು ಊರಿನ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದ. ಕರೆದವರೆಲ್ಲ ಪ್ರೀತಿಯಿಂದ ಕೈ ಬೀಸಿದರು. ಬಾಗಿಲು ಹಾಕಿಕೊಂಡರು.

ಒಳಗೆ ಅವರು ಮಾಡುತ್ತಿದ್ದದ್ದು ಅಂಗಿ ಹುಡುಕುವ ಕೆಲಸ. ಪೇಟೆಯಿಂದ ಬಂದ ನಾನೂ ಗಾಡಿಯಲ್ಲಿ ಕೂತೇ ಸೂರು ನೋಡಿ, ಮನೆಗೆ ಹೋಗಿ ಅದನ್ನೇ ಮಾಡಿದೆ. ನಮ್ಮ ಊರಲ್ಲಿ ಸೂರಿನ ಅಂಗಿಗಳನ್ನು ಯಾರೂ ತೊಡುವುದಿಲ್ಲ. ಮಡಚಿ ಎತ್ತಿಟ್ಟು ಮುಂದಿನ ಸೂರಿಗೆ ಕೊಡುತ್ತೇವೆ. ನನ್ನ ಪೆಟ್ಟಿಗೆಯಲ್ಲಿದ್ದ ನೀಲಿ ಗೆರೆಯ ಅಂಗಿ ಐದು ಸೂರು ಹತ್ತಿತ್ತು, ಒಬ್ಬರ ಮೈಯನ್ನೂ ಹತ್ತಿರಲಿಲ್ಲ. ಅದನ್ನು ನನಗೆ ಹೊಸ ವರ್ಷಕ್ಕೆ ಕೊಟ್ಟದ್ದು ವುಕಾಳೇ ಎಂದು ಗೇಟು ದಾಟಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ನನ್ನನ್ನು ಜನ ನೋಡಿಯಾಗಿತ್ತು.

ಅಂಗಳದಲ್ಲಿ ಮೂವತ್ತು ಜನ ಸೇರಿದ್ದರು. ಯಾರೋ ಏಣಿಯನ್ನು ಎತ್ತಿ ನಿಲ್ಲಿಸಿದ್ದರು, ಮಿಲೋನ್ಯನನ್ನು ಇಳಿಸಲು ಅಲ್ಲ, ಅಂಗಿಗಳನ್ನು ಹತ್ತಿಸಲು. ತ್ರಿಫೂನ್ ಹಗ್ಗ ಕಟ್ಟುತ್ತಿದ್ದ. ಇಳಿಯಲು ಕಾಲು ಇಟ್ಟ ಮಿಲೋನ್ಯನನ್ನು ಅವನೇ ತಡೆದು, ಹೆಸರು ಕೂಗದೆ ಮೇಸ್ತ್ರಿ ಇಳಿಯುವ ಹಾಗಿಲ್ಲ ಎಂದು ಮತ್ತೆ ಮೇಲೆ ದೂಡಿದ. ಕೆಳಗೆ ಇಬ್ಬರು ಮುದುಕರ ನಡುವೆ ವಾದ ಹತ್ತಿತ್ತು. ಮೇಸ್ತ್ರಿಗೆ ಮನೆಯ ಯಜಮಾನ ಅಂಗಿ ಕೊಡಬೇಕು, ಯಜಮಾನನೇ ಮೇಸ್ತ್ರಿಯಾದರೆ ಯಾರು ಯಾರಿಗೆ ಕೊಡಬೇಕು ಎಂದು. ತನ್ನ ಬಿಳಿ ಅಂಗಿಯನ್ನು ತಾನೇ ತನಗೆ ಕೊಟ್ಟುಕೊಂಡಿದ್ದಾನೆ, ಸರಿಯಾಗಿಯೇ ಮಾಡಿದ್ದಾನೆ ಎಂದು ಕೊನೆಗೆ ತೀರ್ಮಾನವಾಯಿತು.

ಆಗ ಮಿಲೋನ್ಯ ಸತ್ಯ ಹೇಳಬಹುದಿತ್ತು. ಹೇಳಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಅದೇ ಹೊತ್ತಿಗೆ ಗೇಟಿನಲ್ಲಿ ಲಾಬುದ್ ಬಂದ. ಎರಡು ಕೈಗಳ ಮೇಲೆ, ಮಗುವನ್ನು ಎತ್ತಿಕೊಂಡ ಹಾಗೆ, ಮದುವೆಯ ಕಸೂತಿ ಅಂಗಿ. ಅವನ ಹಿಂದೆ ವುಕಾ. ಅವಳ ಕಂಕುಳಲ್ಲಿ ದಿಂಬು.

ಲಾಬುದ್ ಯಾರ ಮುಖವನ್ನೂ ನೋಡದೆ ಏಣಿ ಹತ್ತಿ, ಅಂಗಿಯನ್ನು ಹಗ್ಗಕ್ಕೆ ಕಟ್ಟಿ ಇಳಿದ. ಎಲ್ಲರೂ ಮೇಲೆ ನೋಡಿದರು. ಮಿಲೋನ್ಯ ವುಕಾಳನ್ನು ನೋಡಿದ. ಅವಳು ದಿಂಬನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು. ಅವನು ಬಾಯಿ ಮುಚ್ಚಿ, ಗಂಟಲು ಸರಿಮಾಡಿ, ಮತ್ತೆ ತೆರೆದಾಗ ಬಂದದ್ದು ಹಾರೈಕೆ.

"ದೇವರು ಲಾಬುದನಿಗೆ ಒಳ್ಳೇದು ಮಾಡ್ಲಿ, ಮದುವೆ ಅಂಗಿ ತಂದಿದ್ದಾನೆ. ಅವನ ಕುರಿ ನೂರಾಗ್ಲಿ, ಅವನ ಮಾತು ಒಂದೇ ಇರ್ಲಿ."

ಆಮೇಲೆ ಅವನನ್ನು ಯಾರಿಗೂ ತಡೆಯಲಾಗಲಿಲ್ಲ. ಬೆಳಗ್ಗಿನಿಂದ ಕೂಗಿ ಒಡೆದ ಗಂಟಲಿನಲ್ಲೇ ಹತ್ತು ಅಂಗಿ, ಏಳು ಟವೆಲು, ಮೂರು ಜೊತೆ ಉಣ್ಣೆಯ ಕಾಲುಚೀಲಗಳನ್ನು ಹರಸಿದ. ನನ್ನ ನೀಲಿ ಗೆರೆ ಅಂಗಿಗೆ ಒಳ್ಳೆಯ ಹೆಂಡತಿ ಸಿಗಲೆಂದು ಹರಸಿದ. ಕೆಳಗೆ ಹೆಂಗಸರು ಅಡುಗೆಮನೆಗೆ ನುಗ್ಗಿ ಕಚಮಾಕ್ ಮುದ್ದೆ ತಿರುವಲು ಶುರು ಮಾಡಿದರು. ಕಿಟಕಿಯಲ್ಲಿ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಪಕ್ಕದ ಹಳ್ಳಿಯವರು ಶುಭಾಶಯ ಹೇಳುತ್ತಿದ್ದರು.

ಪಕ್ಕದ ಹಳ್ಳಿಯವರಿಗೆ ಕಂಡದ್ದು ರಸ್ತೆಗೂ ಕಂಡಿತು. ಪುರಸಭೆಯ ಬಿಳಿ ಕಾರು ಗೇಟಿನ ಮುಂದೆ ನಿಂತು, ಕಟ್ಟಡದ ಇನ್‌ಸ್ಪೆಕ್ಟರ್ ಕೋವಿಲ್ಕಾ ಮೇಡಂ ಕಡತ ಹಿಡಿದು ಇಳಿದರು. ಅನುಮತಿಯಿಲ್ಲದ ಮನೆಗಳನ್ನು ಹುಡುಕಲು ಆ ಹೆಂಗಸಿಗೆ ನಕ್ಷೆ ಬೇಡ, ದೂರು ಬೇಡ. ಶನಿವಾರ ರಸ್ತೆಯಲ್ಲಿ ಹೋಗುತ್ತಾ ಎಲ್ಲಿ ಅಂಗಿ ಹಾರುತ್ತಿದೆ ನೋಡಿದರೆ ಸಾಕು. ನಮ್ಮ ಹಳ್ಳಿ ರಕ್ಷಿತ ಕಾಡಿನ ಅಂಚಿನಲ್ಲಿದೆ. ಹಳೆಯ ಸೂರಿಗೆ ತೇಪೆ ಹಾಕಲು ಯಾರ ಅಪ್ಪಣೆಯೂ ಬೇಡ. ಹೊಸ ಸೂರು ಹಾಕಲು ಕಾಗದ ಬೇಕು. ಕಾಗದವಿಲ್ಲದ ಸೂರನ್ನು ಹಾಕಿದವನೇ ಇಳಿಸಬೇಕು.

ಮೇಡಂ ಕೆಂಪು ತಗಡು ನೋಡಿದರು, ಹನ್ನೊಂದು ಅಂಗಿ ಎಣಿಸಿದರು, ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಇಂಕು ಪೆನ್ನಿನಲ್ಲಿ 'ಹೊಸ ಸೂರು' ಎಂದು ಬರೆದರು.

"ಯಜಮಾನರು ಯಾರು?" ಎಂದು ಕೇಳಿದರು.

ಮಿಲೋನ್ಯ ಇಳಿದು ಬಂದ. ಬನಿಯನ್ನಿನ ತುಂಬ ಡಾಂಬರು. ಇದು ಹೊಸದೋ ಹಳೆಯದೋ ಎಂದು ಮೇಡಂ ಕೇಳಿದರು. ಇಷ್ಟು ಸುಲಭದ ಪ್ರಶ್ನೆಗೆ ಇಷ್ಟು ಕಷ್ಟಪಟ್ಟವನನ್ನು ನಾನು ಕಂಡಿಲ್ಲ. ಒಂದು ಕಡೆ ಕಡತ. ಇನ್ನೊಂದು ಕಡೆ ಅಂಗಳದ ಮೂವತ್ತು ಜನ, ಮದುವೆ ಅಂಗಿ ಕೊಟ್ಟ ಭಾವ, ದಿಂಬು ಹಿಡಿದ ಹೆಂಡತಿ. ಹಳೆಯದು, ಅಂಗೈಯಗಲ ತೇಪೆ ಹಾಕಿದ್ದೇನೆ ಎಂದರೆ ಊರಿಗೆಲ್ಲ ಟೋಪಿ ಹಾಕಿದ ಹಾಗೆ. ಹೊಸದು ಎಂದರೆ ಅಜ್ಜನ ಸೂರು ನೆಲಕ್ಕೆ.

"ಮೇಡಂ," ಎಂದ, "ಸೂರು ಅಜ್ಜಂದು. ಕೆಲಸ ನಂದು."

"ಎಷ್ಟು ಕೆಲಸ?"

"ಬೇಕಾದಷ್ಟು."

ಮೇಡಂ ಹತ್ತಿ ನೋಡುವುದಾಗಿ ಹೇಳಿ ಏಣಿಗೆ ಕೈ ಹಾಕಿದರು. ಅಷ್ಟರಲ್ಲಿ ಬೆಟ್ಟದ ಮೇಲೆ ಗುಡುಗಿತು. ನಮ್ಮ ಮಳೆಗೆ ಪೀಠಿಕೆ ಇಲ್ಲ. ಮೊದಲ ಹನಿ ಮೂಗಿಗೆ ಬಿದ್ದರೆ ಎರಡನೆಯದು ಬಕೆಟ್ಟಿನಲ್ಲಿ ಬರುತ್ತದೆ. ಅಂಗಿಗಳನ್ನು ಮೇಲೆಯೇ ಬಿಟ್ಟು ಮೂವತ್ತು ಜನ ಮನೆಯೊಳಗೆ ನುಗ್ಗಿದರು. ಅಡುಗೆಮನೆ ತುಂಬಿತು, ಪಡಸಾಲೆ ತುಂಬಿತು. ಉಳಿದವರು, ಯಾರೂ ಹೇಳದಿದ್ದರೂ, ಮಲಗುವ ಕೋಣೆಗೆ ಹೋದರು. ಎಲ್ಲರಿಗೂ ಗೊತ್ತಿತ್ತು, ನೋಡಬೇಕಾದ್ದು ಇರುವುದು ಅಲ್ಲಿ.

ಆ ಕೋಣೆ ಹತ್ತು ಹೆಜ್ಜೆ ಉದ್ದ. ಚಿಮಣಿಯ ಗೋಡೆಗೆ ಒತ್ತಿಕೊಂಡು ಓಕ್ ಮಂಚ. ಮಂಚದ ಒಂದು ಬದಿಗೆ ಲಾಬುದ್, ಕೈ ಕಟ್ಟಿ. ಇನ್ನೊಂದು ಬದಿಗೆ ಕೋವಿಲ್ಕಾ ಮೇಡಂ, ಕಡತ ಎದೆಗೆ ಒತ್ತಿ. ಕಾಲ ಬುಡದಲ್ಲಿ ವುಕಾ. ಬಾಗಿಲಲ್ಲಿ ನಾನು, ನನ್ನ ಹೆಗಲ ಮೇಲೆ ತ್ರಿಫೂನನ ಗದ್ದ. ನಡುವೆ ಮಿಲೋನ್ಯ.

ಲಾಬುದ್ ಮೊದಲು ಮಾತಾಡಿದ. ಸೋರಿದರೆ ತಂಗಿಯನ್ನು ಈಗಲೇ ಕರೆದುಕೊಂಡು ಹೋಗುತ್ತೇನೆ, ಮಂಚಕ್ಕೆ ಹಲಗೆ ತರಿಸಿಟ್ಟಿದ್ದೇನೆ ಎಂದ. ಮೇಡಂ, ಸೋರದಿದ್ದರೆ ಅದು ಹೊಸ ಸೂರು, ಸೋಮವಾರ ಇಳಿಸಲು ನೋಟೀಸು ಎಂದರು. ಸೋರಿದರೆ ಹೆಂಡತಿ ಹೋಗುತ್ತಾಳೆ, ಸೋರದಿದ್ದರೆ ಸೂರು ಹೋಗುತ್ತದೆ. ಮಿಲೋನ್ಯ ಮೇಲೆ ನೋಡಿದ. ಯಾವುದಕ್ಕೆ ಬೇಡಿಕೊಳ್ಳಬೇಕೆಂದು ಗೊತ್ತಿಲ್ಲದ ಮನುಷ್ಯನ ಪ್ರಾರ್ಥನೆ ಹೇಗಿರುತ್ತದೆ ಎಂದು ಅವನ ಮುಖದಲ್ಲಿ ಕಾಣುತ್ತಿತ್ತು.

ತಗಡಿನ ಮೇಲೆ ಮಳೆ ಬಿದ್ದರೆ ಕೆಳಗಿರುವವರಿಗೆ ಬೇರೇನೂ ಕೇಳುವುದಿಲ್ಲ. ಪಕ್ಕದಲ್ಲಿ ಗಾಡಿ ಮಗುಚಿದರೂ ಕೇಳುವುದಿಲ್ಲ. ಎಲ್ಲರೂ ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಮೇಲಿನ ಹಲಗೆಗಳನ್ನು ನೋಡುತ್ತಿದ್ದರು. ಹಳೆಯ ಕಲೆ ಇದ್ದ ಜಾಗ ಒಣಗಿಯೇ ಇತ್ತು. ಒಂದು ನಿಮಿಷ. ಎರಡು ನಿಮಿಷ. ಲಾಬುದನ ಕೈ ಸಡಿಲವಾಯಿತು. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಬಾಗಿಲಲ್ಲಿ ನಿಂತ ನನಗೆ ತ್ರಿಫೂನನ ಗದ್ದದಿಂದಾಗಿ ಕತ್ತು ಎತ್ತಲಾಗಲಿಲ್ಲ. ಹಾಗಾಗಿ ನಾನು ಕೆಳಗೆ ನೋಡುತ್ತಿದ್ದೆ.

ಮೂರು ವರ್ಷ ಆ ಹಲಗೆಗಳ ಕೆಳಗೆ ಎಚ್ಚರವಾಗಿ ಮಲಗಿದವಳು ವುಕಾ. ಬೇರೆಯವರು ಕಲೆ ನೋಡುತ್ತಿದ್ದರೆ ಅವಳು ಅದರ ಪಕ್ಕದ ಹಲಗೆಯ ಸಂದು ನೋಡುತ್ತಿದ್ದಳು. ಅಲ್ಲಿ ಮರದ ಬಣ್ಣ ಕಪ್ಪಾಗತೊಡಗಿತ್ತು. ಮಿಲೋನ್ಯನ ಕಾಲರು ನೀರನ್ನು ನಿಲ್ಲಿಸಿರಲಿಲ್ಲ, ಒಂದು ಗೇಣು ಈಚೆಗೆ ತಳ್ಳಿತ್ತು. ಅವಳು ಮೇಲಿನಿಂದ ಕಣ್ಣು ತೆಗೆಯದೆ, ದಿಂಬನ್ನು ಹಲ್ಲಿನಲ್ಲಿ ಕಚ್ಚಿ, ಮಂಚದ ಕಾಲ ಕಡೆಯ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, ಒಂದು ಕಾಲನ್ನು ಹೊಸ್ತಿಲಿಗೆ ಒದ್ದು ಎಳೆದಳು. ಇಬ್ಬರು ಗಂಡಸರು ಬೇಕಾದ ಓಕ್ ಮಂಚ ಒಂದು ಮೊಳ ಹಿಂದೆ ಬಂತು. ಮಳೆಯ ಸದ್ದಿನಲ್ಲಿ ಯಾರಿಗೂ ಏನೂ ಕೇಳಲಿಲ್ಲ. ಅವಳು ದಿಂಬನ್ನು ಮತ್ತೆ ಕಂಕುಳಿಗೆ ಸೇರಿಸಿ, ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಗೋಡೆಗೂ ಮಂಚಕ್ಕೂ ನಡುವೆ ಜಾಗ ಬಿದ್ದದ್ದರಿಂದ, ಇನ್ನೂ ಹತ್ತಿರದಿಂದ ನೋಡೋಣವೆಂದು ಮೇಡಂ ಅಲ್ಲಿಗೇ ಹೋಗಿ ನಿಂತರು. ಕಡತ ತೆರೆದು, 'ಹೊಸ ಸೂರು' ಎಂದಿದ್ದ ಸಾಲಿನ ಕೆಳಗೆ ಸಹಿ ಹಾಕಲು ಬಗ್ಗಿದರು. ಮೊದಲ ಹನಿ 'ಹೊಸ' ಎಂಬುದರ ಮೇಲೆ ಬಿತ್ತು. ಎರಡನೆಯದು 'ಸೂರಿ'ನ ಮೇಲೆ. ಇಂಕು ನೀಲಿ ಹೊಳೆಯಾಗಿ ಕಾಗದದ ಅಂಚಿಗೆ ಹರಿಯಿತು. ಮೂರನೆಯದು ಮೇಡಂ ಬೈತಲೆಯಲ್ಲಿ.

ಮೇಡಂ ಕರವಸ್ತ್ರದಿಂದ ಕಾಗದ ಒತ್ತಿದರು.

"ನಾನು ಹದಿನೆಂಟು ವರ್ಷದಿಂದ ಹೊಸ ಸೂರು ನೋಡ್ತಿದ್ದೀನಿ," ಎಂದರು. "ಹೊಸ ಸೂರು ಇಷ್ಟು ಚೆನ್ನಾಗಿ ಸೋರಲ್ಲ."

ಅವರು ಬೇರೆ ಕಾಗದ ತೆಗೆದು 'ಹಳೆಯ ಸೂರು, ತೇಪೆ ಹಾಕಿದೆ, ಸೋರುತ್ತಿದೆ' ಎಂದು ಬರೆದರು. ಸೋರುವುದು ಬಹಳ ಕಡಿಮೆ ಎಂದು ಮಿಲೋನ್ಯ ಆಕ್ಷೇಪಿಸಲು ಹೊರಟ. ತ್ರಿಫೂನ್ ನನ್ನ ಹೆಗಲಿನ ಮೇಲಿಂದಲೇ ಕೈ ಚಾಚಿ ಕೂಮನ ಬಾಯಿ ಮುಚ್ಚಿದ.

ಉಳಿದದ್ದು ಲಾಬುದ್. ಅವನ ಮುಖ ಗಂಭೀರವಾಗಿತ್ತು, ಆದರೆ ಮೀಸೆಯ ಒಂದು ತುದಿ ಸಂತೋಷಪಡುತ್ತಿತ್ತು.

"ಸೋರ್ತಿದೆ," ಎಂದ. "ನಡಿ ತಂಗಿ."

"ಎಲ್ಲಿ ಸೋರ್ತಿದೆ?" ಎಂದಳು ವುಕಾ.

"ಕಾಣಲ್ವಾ, ಮೇಡಂ ತಲೆ ಮೇಲೆ."

"ಮೇಡಂ ತಲೆ ಮೇಲೆ ಸೋರ್ಲಿ. ನಾನು ಹೇಳಿದ್ದು ಹಾಸಿಗೆ. ಮಳೆ ಬರ್ತಿರ್ಬೇಕು, ಹಾಸಿಗೆ ಒಣಗಿರ್ಬೇಕು ಅಂದಿದ್ದೆ." ಅವಳು ಅಂಗೈಯಿಂದ ಹಾಸಿಗೆ ಸವರಿದಳು. ಆ ಅಂಗೈಯನ್ನು ಅಣ್ಣನ ಮೂಗಿನ ಮುಂದೆ ಹಿಡಿದಳು. "ಮುಟ್ಟಿ ನೋಡು. ಒಣಗಿದೆ."

ಆಮೇಲೆ ದಿಂಬನ್ನು ಅದರ ಜಾಗದಲ್ಲಿಟ್ಟು, ಎರಡು ಸಲ ತಟ್ಟಿ, ಮಂಚದ ಅಂಚಿನಲ್ಲಿ ಕೂತು, ಕಚಮಾಕ್ ತಳ ಹಿಡಿಯುತ್ತಿದೆ, ವಾಸನೆ ಬರುತ್ತಿದೆ, ಯಾರಾದರೂ ನೋಡಿ ಎಂದಳು. ಮಿಲೋನ್ಯ ಗೋಡೆಗೆ ಒರಗಿದ. ಬನಿಯನ್ನಿನ ಡಾಂಬರು ಸುಣ್ಣದ ಗೋಡೆಗೆ ಅಂಟಿತು. ಅಂದು ಅವಳು ಅದನ್ನು ನೋಡಿಯೂ ಬೈಯಲಿಲ್ಲ.

ಮೇಡಂ ಊಟ ಮಾಡಿಕೊಂಡೇ ಹೋದರು.

ಮುಂದಿನ ವಾರ ಹಾಮ್ದಿಯಾ ಬಂದ. ಕರೆಸಿದವಳು ವುಕಾ, ಆದರೆ ತಾನೇ ಕರೆಸಿದ್ದೆಂದು ಮಿಲೋನ್ಯ ಹೇಳಿಕೊಂಡ. ಮೇಸ್ತ್ರಿ ಸೂರು ಹತ್ತಿ ಚಿಮಣಿಯ ಬುಡದಲ್ಲಿ ಬಹಳ ಹೊತ್ತು ಕೂತಿದ್ದ. ಇಳಿದು ಬಂದು ಕಾಫಿ ಕೇಳಿದ. ನಾಲ್ಕು ಪಟ್ಟಿಯೂ ತಲೆಕೆಳಗಾಗಿದೆ, ಬೆಟ್ಟದ ಕಡೆಯಿಂದ ಬರುವ ನೀರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುವ ಹಾಗೆ ಕಟ್ಟಿದೆ, ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಬೇಕಾದರೆ ಕೈಯಲ್ಲಿ ಕಲೆ ಇರಬೇಕು ಎಂದ. ಮಿಲೋನ್ಯ ಕೊನೆಯ ಮಾತನ್ನು ಮಾತ್ರ ಕೇಳಿಸಿಕೊಂಡು ರಕ್ತದಲ್ಲೇ ಇದೆ ಎಂದ.

ಒಂದೂವರೆ ಗಂಟೆಯಲ್ಲಿ ಮೇಸ್ತ್ರಿ ಹಳೆಯ ಮೊಳೆ ಕಿತ್ತು, ಬೆಟ್ಟದ ಕಡೆಯ ಪಟ್ಟಿಯನ್ನು ಮೇಲಿನ ತಗಡಿನ ಅಡಿಗೆ ತೂರಿಸಿ, ಬದಿಯ ಅಂಚುಗಳನ್ನು ಚಿಮಣಿಯ ಕಲ್ಲುಸಂದಿಗೆ ಮಡಚಿ ಗಾರೆ ತುಂಬಿದ. ಕೆಲಸ ಮುಗಿದ ಮೇಲೆ ವುಕಾ ರೂಢಿಯಂತೆ ಒಂದು ಟವೆಲು ಕೊಟ್ಟಳು, ಅವನೂ ರೂಢಿಯಂತೆ ಆಂಟೆನಾಕ್ಕೆ ಕಟ್ಟಿದ. ಸುವೊದೊ ಹಳ್ಳಿಯಲ್ಲಿ ಒಂದೊಂದೇ ಕಿಟಕಿ ಮುಚ್ಚಿಕೊಂಡಿತು. ಹೊಲದಲ್ಲಿದ್ದ ತ್ರಿಫೂನ್ ಹುಲ್ಲಿನ ಮೆದೆಯ ಹಿಂದೆ ಸರಿದ. ಸಂಜೆಯವರೆಗೆ ಒಬ್ಬರೂ ಹೊರಗೆ ಬರಲಿಲ್ಲ.

ಅಂಗಿಗಳು ಮೇಸ್ತ್ರಿಯ ಪಾಲು ಎಂದು ವುಕಾ ಹತ್ತನ್ನೂ ಗಂಟು ಕಟ್ಟಿ ಹಾಮ್ದಿಯಾನ ಕೈಗೆ ಕೊಟ್ಟಳು. ಲಾಬುದನ ಮದುವೆ ಅಂಗಿಯನ್ನೂ ಬಿಡಲಿಲ್ಲ. ನೀಲಿ ಗೆರೆಯದನ್ನು ತಿರುಗಿಸಿ ನೋಡಿ ಮೇಸ್ತ್ರಿ ನಕ್ಕ. ಆರು ವರ್ಷದ ಹಿಂದೆ ತನ್ನ ಹೆಂಡತಿ ಒಂದು ಸೂರಿಗೆ ಕೊಟ್ಟದ್ದು, ಗುಂಡಿ ಅವಳೇ ಹೊಲಿದದ್ದು ಎಂದ.

ಮಂಚ ಬೇಸಿಗೆಯಿಡೀ ಹಾಗೆಯೇ ಇತ್ತು. ಗಾಳಿ ಬರುತ್ತದೆ ಎಂದು ವುಕಾ ಹೇಳಿದ್ದಳು. ಅಕ್ಟೋಬರಿನಲ್ಲಿ ಬೆಟ್ಟದ ತುದಿ ಬೆಳ್ಳಗಾದ ದಿನ ಮಿಲೋನ್ಯ ನನ್ನನ್ನು ಕರೆದ. ಇಬ್ಬರೂ ಸೇರಿ ಮಂಚವನ್ನು ಚಿಮಣಿಯ ಗೋಡೆಗೆ ತಳ್ಳಿದೆವು. ನನ್ನ ಸೊಂಟ ಹಿಡಿಯಿತು. ಅವನು ಉಸಿರು ಬಿಡುತ್ತಾ ನೆಲ ನೋಡಿದ.

ಹಲಗೆಯ ಮೇಲೆ ನಾಲ್ಕು ಗೀರು. ಒಂದೊಂದೂ ಒಂದು ಮೊಳ ಉದ್ದ. ಇಂದಿನದಲ್ಲ, ಗೀರಿನೊಳಗೆ ಬೇಸಿಗೆಯ ಧೂಳು ಕೂತಿತ್ತು. ಅವನು ಮಂಡಿಯೂರಿ ಗೀರಿನ ಉದ್ದಕ್ಕೂ ಬೆರಳು ಎಳೆದ. ಮೇಲೆ, ಹಲಗೆಯ ಸಂದಿನಲ್ಲಿ ಒಣಗಿದ ಹೊಸ ಕಲೆಯನ್ನು ನೋಡಿದ. ಮತ್ತೆ ಗೀರು ನೋಡಿದ. ಮಿಲೋನ್ಯ ನಿಧಾನ, ಆದರೆ ತಲುಪುತ್ತಾನೆ.

"ಅವತ್ತು ನೀನು ಬಾಗಿಲಲ್ಲಿ ನಿಂತಿದ್ದೆ ಅಲ್ವಾ," ಎಂದ.

"ನಿಂತಿದ್ದೆ, ಅಣ್ಣ. ಎಲ್ಲರ ಹಾಗೆ ಮೇಲೆ ನೋಡ್ತಿದ್ದೆ."

ಅವನು ತಲೆಯಾಡಿಸಿದ. ಪಡಸಾಲೆಗೆ ಹೋಗಿ ಕೆಂಪು ಉಣ್ಣೆಯ ಜಮಖಾನ ತಂದು ಗೀರುಗಳ ಮೇಲೆ ಹಾಸಿ, ಅಂಚುಗಳನ್ನು ಅಂಗೈಯಿಂದ ಸರಿಮಾಡಿದ. ಕೊಟ್ಟಿಗೆಯಿಂದ ಬಂದ ವುಕಾ ಬಾಗಿಲಲ್ಲಿ ನಿಂತಳು. ಜಮಖಾನ ನೋಡಿದಳು, ನನ್ನನ್ನು ನೋಡಿದಳು, ಮಂಡಿಯೂರಿದ್ದ ಗಂಡನನ್ನು ನೋಡಿದಳು.

"ಅದನ್ನ ಯಾಕೆ ಅಲ್ಲಿ ಹಾಸಿದ್ದು?"

"ಚಳಿ ಬಂತಲ್ಲ," ಎಂದ ಮಿಲೋನ್ಯ. "ನಿನ್ನ ಕಾಲಿಗೆ ನೆಲ ತಣ್ಣಗೆ ತಾಗುತ್ತೆ."

"ನೀನೇ ಹಾಸಿದ್ಯಾ? ನಿನ್ನ ಕೈಯಾರೆ?"

"ನನ್ನ ಕೈಯಾರೆ."

ವುಕಾ ಹಾಲಿನ ಬಕೆಟ್ಟನ್ನು ಕೆಳಗಿಟ್ಟಳು.

"ಹಾಗಾದ್ರೆ ನಿನಗೊಂದು ಅಂಗಿ ಕೊಡ್ಬೇಕಾಗುತ್ತೆ," ಎಂದಳು.